ಒಸರುವ ಪೈಪು ಕೇಳುವುದು ಒತ್ತಡದ ಲೆಕ್ಕ

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಬಾರದೆಂದೂ, ಬಳಸಿದರೆ 5,000 ರೂಪಾಯಿ ದಂಡವೆಂದೂ ಪ್ರಕಟಿಸಿದಾಗ ನಮ್ಮ ಹಿತ್ತಲಿನ ಮೂರು ಮಡಿಗಳಲ್ಲಿ ಟೊಮೆಟೊ, ಹುರುಳಿಕಾಯಿ ಮತ್ತು ದಂಟಿನ ಸೊಪ್ಪು ಬೆಳೆದು ನಿಂತಿದ್ದವು. ಮನೆಯ ಕೊಳವೆಬಾವಿಯೂ ಸೊರಗಿತ್ತು. ಇದ್ದಷ್ಟು ನೀರನ್ನು ಬೇರಿಗಷ್ಟೇ ತಲುಪಿಸಬೇಕೆಂದು, ಹಳೆಯ ಟೈರಿನ ರಬ್ಬರಿನಿಂದ ಮಾಡಿದ, ಮೈಯೆಲ್ಲ ಸೂಕ್ಷ್ಮ ರಂಧ್ರಗಳಿರುವ ಇಪ್ಪತ್ತು ಮೀಟರ್ ಸೋಕರ್ ಪೈಪನ್ನು ತಂದೆ. ನೀರು ಅದರಿಂದ ಚಿಮ್ಮುವುದಿಲ್ಲ. ಹೊಸ ಮಡಕೆಯ ಮೈಯಂತೆ ಒಸರುತ್ತದೆ.

ಮೊದಲ ಪ್ರಯತ್ನ ಕೆಟ್ಟಿತು. ಮೂರಡಿ ಎತ್ತರದ ಕಟ್ಟೆಯ ಮೇಲಿಟ್ಟ ಡ್ರಮ್ಮಿಗೆ ಪೈಪನ್ನು ಜೋಡಿಸಿದಾಗ ಮೊದಲ ಮಡಿ ಒದ್ದೆಯಾಯಿತೇ ಹೊರತು ಮೂರನೆಯ ಮಡಿಗೆ ಹನಿಯೂ ತಲುಪಲಿಲ್ಲ. ಆತುರದಲ್ಲಿ ಮೋಟಾರಿಗೇ ನೇರವಾಗಿ ಜೋಡಿಸಿದೆ. ಪೈಪು ಎರಡು ಕಡೆ ಸೀಳಿ ಕಾರಂಜಿಯಾಯಿತು. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆಂಬ ಶಾಲೆಯ ಪಾಠ ಆಮೇಲೆ ನೆನಪಾಯಿತು: ಡ್ರಮ್ಮಿನಿಂದ ನನಗೆ ಸಿಕ್ಕಿದ್ದು ಅದರ ಹತ್ತನೆಯ ಒಂದು ಭಾಗ ಮಾತ್ರ, ಮೋಟಾರಿನಿಂದ ಸಿಕ್ಕಿದ್ದು ಪೈಪು ತಾಳಲಾರದಷ್ಟು. ಎರಡನೆಯ ಮಹಡಿಯ ಮೇಲಿನ ಟ್ಯಾಂಕು ನೆಲದಿಂದ ಏಳು ಮೀಟರ್ ಮೇಲಿದೆ. ಅಲ್ಲಿಂದ ಇಳಿಯುವ ನೀರಿನ ಒತ್ತಡ ಈ ಪೈಪಿಗೆ ಹೇಳಿ ಮಾಡಿಸಿದಂತಿದೆ. ಸೀಳಿದ ಜಾಗಗಳನ್ನು ಕತ್ತರಿಸಿ, ಜಾಯಿಂಟ್ ಹಾಕಿ, ಟ್ಯಾಂಕಿನ ಕೊಳಾಯಿಗೆ ಜೋಡಿಸಿದ ದಿನ ಮೂರು ಮಡಿಗಳೂ ಒಂದೇ ಸಮನಾಗಿ ನೆನೆದವು. ನೆಲ ಇಳಿಜಾರಾಗಿದ್ದರೆ ತಗ್ಗಿನ ತುದಿಯೇ ಹೆಚ್ಚು ಕುಡಿಯುತ್ತದೆ, ಆದ್ದರಿಂದ ಪೈಪನ್ನು ಇಳಿಜಾರಿಗೆ ಅಡ್ಡಲಾಗಿ ಹಾಸುವುದು ಮೇಲು.

ಎಷ್ಟು ಹೊತ್ತು ಬಿಡಬೇಕೆಂಬುದನ್ನು ಗಡಿಯಾರಕ್ಕಿಂತ ಮಣ್ಣೇ ಚೆನ್ನಾಗಿ ಹೇಳುತ್ತದೆ. ವಾರಕ್ಕೆ 25 ಮಿಲಿಮೀಟರ್ ಮಳೆಗೆ ಸಮನಾದ ನೀರೆಂದರೆ ಚದರ ಮೀಟರಿಗೆ 25 ಲೀಟರ್. ಮೂರು ಮೀಟರ್ ಉದ್ದ, 1.2 ಮೀಟರ್ ಅಗಲದ ನಮ್ಮ ಮೂರು ಮಡಿಗಳಿಗೆ ಒಟ್ಟು 270 ಲೀಟರ್. ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ ಟ್ಯಾಂಕಿನ ಮಟ್ಟ ಇಳಿಯುವುದನ್ನು ಅಳೆದಾಗ, ವಾರಕ್ಕೆರಡು ಬಾರಿ ಒಂದೂವರೆ ಗಂಟೆ ಬಿಟ್ಟರೆ ಸಾಕೆಂದು ತಿಳಿಯಿತು. ಕಡುಬೇಸಿಗೆಯಲ್ಲಿ ಅದು ಸಾಲುವುದಿಲ್ಲ. ಹಾಗಾಗಿ ಈಗಲೂ ಕೈಗುದ್ದಲಿಯಿಂದ ಗೇಣುದ್ದ ಅಗೆದು ಹದ ನೋಡುತ್ತೇನೆ. ಮೇಲ್ಮಣ್ಣಿನ ಬಣ್ಣವನ್ನು ನಂಬಿ ನಾನು ಹಲವು ಸಲ ಮೋಸಹೋಗಿದ್ದೇನೆ.

ಪೈಪಿನ ಮೇಲೆ ಎರಡಂಗುಲ ದರಗನ್ನು, ಅಂದರೆ ಒಣಗಿದ ಎಲೆಗಳನ್ನು, ಹೊದಿಸಿದ್ದರಿಂದ ರಬ್ಬರು ಬಿಸಿಲಿಗೆ ಸೀಳುವುದು ತಪ್ಪಿತು, ನೀರು ಆವಿಯಾಗುವುದೂ ತಗ್ಗಿತು. ಎಲೆಗಳು ನೆನೆಯದ ಕಾರಣ ಟೊಮೆಟೊಗೆ ಎಲೆಚುಕ್ಕೆ ರೋಗವೂ ಕಡಿಮೆಯಾಯಿತು, ಅದೇ ನನಗೆ ದೊಡ್ಡ ಲಾಭವೆನಿಸಿದ್ದು. ಆದರೆ ಬಿತ್ತಿದ ಬೀಜ ಮೊಳೆಯುವವರೆಗೆ ಈ ಪೈಪು ಸಾಲದು. ಸೊಪ್ಪಿನ ಮಡಿಗೆ ಮೊದಲ ವಾರ ಸಣ್ಣ ತೂತುಗಳ ಮೂತಿಯಿಂದ ನೀರು ಚಿಮುಕಿಸುವ ಡಬ್ಬಿಯೇ ಬೇಕು.

ನಮ್ಮ ಕೊಳವೆಬಾವಿಯ ನೀರು ಗಡಸು. ಕುದಿಸಿದ ಪಾತ್ರೆಯಲ್ಲಿ ಕೂರುವ ಬಿಳಿ ಸುಣ್ಣವೇ ರಂಧ್ರಗಳನ್ನೂ ಮುಚ್ಚುತ್ತದೆ. ನೀರು ಪೈಪಿಗೆ ಸೇರುವ ಕಡೆ ಫಿಲ್ಟರ್ ಕೂರಿಸಿದ್ದೇನೆ, ಹದಿನೈದು ದಿನಕ್ಕೊಮ್ಮೆ ತುದಿಯ ಮುಚ್ಚಳ ತೆಗೆದು ರಭಸವಾಗಿ ನೀರು ಹರಿಸುತ್ತೇನೆ. ಮೊದಲ ಚೊಂಬಿನಷ್ಟು ನೀರು ಮಜ್ಜಿಗೆಯಂತೆ ಹೊರಬರುತ್ತದೆ. ಎರಡನೆಯ ಮಡಿಯಲ್ಲಿ ಕಟ್ಟಿಕೊಂಡಿದ್ದ ಒಂದು ತುಂಡನ್ನು ಕಳಚಿ ರಾತ್ರಿಯೆಲ್ಲ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿಟ್ಟೆ. ಅರ್ಧ ತೆರೆದುಕೊಂಡಿತು, ಉಳಿದರ್ಧವನ್ನು ಕತ್ತರಿಸಿ ಎಸೆದೆ.