ಬಾದಾಮಿಗೆ ಹೋದರೆ ಎದುರಿನ ಗುಡ್ಡ ಹತ್ತದೆ ಬರಬೇಡಿ

ಬಾದಾಮಿಗೆ ಹೋದವರು ಸಾಮಾನ್ಯವಾಗಿ ಮೇಣಬಸದಿ ಗುಹೆ ನೋಡುತ್ತಾರೆ, ಕೆರೆ ಹತ್ರ ಫೋಟೋ ತೆಗೆಸಿಕೊಳ್ಳುತ್ತಾರೆ, ಐಹೊಳೆ ಪಟ್ಟದಕಲ್ಲಿಗೆ ಗಾಡಿ ಹತ್ತುತ್ತಾರೆ. ಕೆರೆಯ ಆಚೆ ಬದಿಯ ಗುಡ್ಡ ಹಾಗೇ ಉಳಿದುಬಿಡುತ್ತದೆ. ನಾನೂ ಎರಡು ಸಲ ಹೀಗೇ ವಾಪಸ್ ಬಂದವನು. ಈ ಡಿಸೆಂಬರಿನಲ್ಲಿ ಅವ್ವ ಮತ್ತು ಎಂಟು ವರ್ಷದ ಮಗಳ ಜೊತೆ ಆ ಗುಡ್ಡ ಹತ್ತಿದೆ. ಇಷ್ಟು ಸುಲಭದ ದಾರಿ, ಮೇಲೆ ಇಂಥ ನೋಟ! ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವು ವಿಜಯಪುರದಿಂದ ರೈಲಿನಲ್ಲಿ ಹೋದೆವು. ಬಾದಾಮಿ ಸ್ಟೇಷನ್ ಊರಿನಿಂದ ಸುಮಾರು 5 ಕಿಲೋಮೀಟರ್ ದೂರ, ಇಳಿದ ಮೇಲೆ ಆಟೋ ಹಿಡಿಯಬೇಕು. ಹಿಂದಿನ ಸಂಜೆಯೇ ಊರು ಸೇರಿಕೊಂಡರೆ ಒಳ್ಳೆಯದು. ಕೆರೆ ದಂಡೆಗೆ ಒಂದು ಸುತ್ತು ಹೋಗಿ, ಬೆಳಿಗ್ಗೆ ಗುಡ್ಡದ ದಾರಿಯ ಗೇಟು ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಅಂತ ಕೇಳಿಕೊಂಡು ಬನ್ನಿ.

ದಾರಿ ಶುರುವಾಗುವುದು ಅಗಸ್ತ್ಯ ತೀರ್ಥ ಅನ್ನುವ ಇದೇ ಕೆರೆಯ ಉತ್ತರ ದಂಡೆಯ ಮ್ಯೂಸಿಯಂ ಪಕ್ಕದಲ್ಲಿ. ಕೆಂಪು ಮರಳುಗಲ್ಲಿನ ಬಂಡೆಗಳ ನಡುವೆ ಕಿರಿದಾದ ಸಂದು. ಎರಡೂ ಕಡೆ ಗೋಡೆ ಎಬ್ಬಿಸಿದ ಹಾಗೆ ಬಂಡೆ, ತಲೆ ಎತ್ತಿದರೆ ಒಂದು ಪಟ್ಟಿಯಷ್ಟೇ ಆಕಾಶ. ಮಗಳು ಎರಡೂ ಕೈ ಚಾಚಿ ಕಲ್ಲು ಮುಟ್ಟುತ್ತಲೇ ನಡೆದಳು. ಕಲ್ಲಿನ ಮೆಟ್ಟಿಲಿದೆ, ಆದರೆ ಕೆಲವು ಮೊಣಕಾಲಿನ ತನಕ ಎತ್ತರ. ಅವ್ವ ಅಲ್ಲಲ್ಲಿ ನಿಂತು, "ಇನ್ನ ಎಷ್ಟ ಐತೋ ಯಪ್ಪಾ?" ಅನ್ನುತ್ತಿದ್ದಳು. ಆದರೂ ಮುಕ್ಕಾಲು ಗಂಟೆಯಲ್ಲಿ ಮೇಲಿದ್ದೆವು. ಸುಮ್ನೆ ಹತ್ತಿದರೆ ಅರ್ಧ ಗಂಟೆ ಸಾಕು. ಮೊಣಕಾಲು ನೋವು ಜಾಸ್ತಿ ಇರುವವರು ಕೆಳಗಿನ ಶಿವಾಲಯದ ತನಕ ಬಂದು ಕೂತರೂ ನಷ್ಟವಿಲ್ಲ, ಅಲ್ಲಿಂದಲೂ ಊರು ಕಾಣುತ್ತದೆ.

ಮೇಲಿನ ಶಿವಾಲಯದ ಗೋಡೆಯನ್ನು ನಿಧಾನವಾಗಿ ನೋಡಿ. ಕೃಷ್ಣ ಗೋವರ್ಧನ ಎತ್ತಿದ ಶಿಲ್ಪವನ್ನು ಅವ್ವನೇ ಗುರುತಿಸಿ ಮೊಮ್ಮಗಳಿಗೆ ಕಥೆ ಹೇಳಿದಳು. ಹತ್ತಿರದಲ್ಲೇ ಕಲ್ಲಿನ ದೊಡ್ಡ ಕಣಜಗಳಿವೆ. ಮುತ್ತಿಗೆ ಬಿದ್ದಾಗ ಕೋಟೆಯೊಳಗಿನವರು ತಿನ್ನಬೇಕಲ್ವಾ, ಆ ಕಾಳು ತುಂಬಿಡಲು.

ಇನ್ನು ಆ ನೋಟ. ಗುಡ್ಡದ ಅಂಚಿಗೆ ಬಂದರೆ ಕೆಳಗೆ ಹಸಿರು ನೀರಿನ ಕೆರೆ. ಅದರ ಎಡ ತುದಿಯಲ್ಲಿ ಭೂತನಾಥ ಗುಡಿ, ಬಲಕ್ಕೆ ಊರಿನ ಮಾಳಿಗೆಗಳು, ನೇರ ಎದುರಿಗೆ ಗುಹೆಗಳಿರುವ ಬಂಡೆ. ಗುಹೆಯೊಳಗೆ ನಿಂತಾಗ ಕಂಬ, ಮೂರ್ತಿ ಮಾತ್ರ ಕಾಣುತ್ತವೆ. ಇಲ್ಲಿಂದ ನೋಡಿದಾಗಲೇ ಗೊತ್ತಾಗುವುದು, ಅಷ್ಟು ದೊಡ್ಡ ಬಂಡೆಯ ಹೊಟ್ಟೆಯನ್ನು ಹೇಗೆ ಕೊರೆದಿದ್ದಾರೆ ಅಂತ. ಕ್ರಿ.ಶ. 543ರಲ್ಲಿ ಚಾಲುಕ್ಯ ದೊರೆ ಒಂದನೇ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ. ಕೆಳಗಿನಿಂದಲೂ ಮೇಲಿನಿಂದಲೂ ಗೆಲ್ಲಲಾಗದ ಕೋಟೆ ಅಂತ ಬಂಡೆಯ ಮೇಲೆ ಬರೆಸಿದ. ಎರಡು ಕಡೆ ಕಡಿದಾದ ಗುಡ್ಡ, ನಡುವೆ ನೀರು. ಅವನು ಈ ಜಾಗವನ್ನೇ ಯಾಕೆ ಆರಿಸಿದ ಅನ್ನುವುದು ಇಲ್ಲಿ ನಿಂತರೆ ಯಾರಿಗೂ ಹೇಳಿಕೊಡಬೇಕಿಲ್ಲ. ಅಂಥ ಕೋಟೆಯೂ 642ರಲ್ಲಿ ಪಲ್ಲವರ ಕೈ ಸೇರಿತು ಅಂದಾಗ ಮಗಳು ತುಂಬಾ ಬೇಜಾರು ಮಾಡಿಕೊಂಡಳು. ನಾವು ಅಲ್ಲೇ ಒಂದು ಗಂಟೆ ಕೂತಿದ್ದೆವು.

ಬೆಳಿಗ್ಗೆ ಹೊತ್ತು ತಂಪಾಗಿರುತ್ತದೆ, ಆದರೆ ಗುಹೆಗಳ ಕಡೆ ನೆರಳು. ಫೋಟೋ ಮುಖ್ಯವಾದರೆ ಸಂಜೆ ಹತ್ತಿ, ಆಗ ಕಲ್ಲು ಕೆಂಪಗೆ ಹೊಳೆಯುತ್ತದೆ. ಗೇಟು ಹಾಕುವ ಹೊತ್ತಿಗೆ ಮಾತ್ರ ಕೆಳಗಿರಬೇಕು. ಬೇಸಿಗೆಯಲ್ಲಿ ಮಧ್ಯಾಹ್ನ ಖಂಡಿತ ಬೇಡ. ಹಿಂದೊಮ್ಮೆ ಮೇ ತಿಂಗಳಲ್ಲಿ 11 ಗಂಟೆಗೆ ಬಂದು, ಗುಹೆಯ ಮೆಟ್ಟಿಲು ಹತ್ತುವಷ್ಟರಲ್ಲೇ ಅವ್ವನಿಗೆ ತಲೆ ಸುತ್ತಿ, ಉಳಿದದ್ದೆಲ್ಲ ಬಿಟ್ಟು ಹೊರಟಿದ್ದೆವು. ಮಳೆಗಾಲದಲ್ಲಿ ಬಂಡೆ ಮೇಲಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ, ನೋಡಲು ಚೆಂದ. ಆದರೆ ಮೆಟ್ಟಿಲು ಜಾರುತ್ತದೆ, ಚಪ್ಪಲಿ ಬಿಟ್ಟು ಹಿಡಿತ ಇರುವ ಶೂ ಹಾಕಿ.

ಮಂಗಗಳ ವಿಷಯ ಹಗುರ ಮಾಡಬೇಡಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಬಂದೇ ಬರುತ್ತವೆ. ಮಗಳ ಬಿಸ್ಕತ್ತಿನ ಚೀಲ ಒಂದು ಕ್ಷಣದಲ್ಲಿ ಹೋಯಿತು, ಅವಳು ಹೆದರಿ ಅತ್ತೇಬಿಟ್ಟಳು. ತಿನ್ನುವುದನ್ನು ಬೆನ್ನಿನ ಬ್ಯಾಗಿನೊಳಗೆ ಹಾಕಿ ಝಿಪ್ ಎಳೆಯಿರಿ, ಮೇಲೆ ತೆಗೆಯಲೇಬೇಡಿ. ನೀರು ಮಾತ್ರ ಒಬ್ಬರಿಗೆ ಒಂದು ಲೀಟರ್ ಇರಲಿ, ಮೇಲೆ ಅಂಗಡಿ ಇಲ್ಲ. ಅಂಚಿಗೆ ಎಲ್ಲ ಕಡೆ ಕಂಬಿ ಇಲ್ಲ, ಮಕ್ಕಳ ಕೈ ಬಿಡಬೇಡಿ.

ಇಳಿದು ಬಂದಾಗ ಮ್ಯೂಸಿಯಂ ತೆರೆದಿದ್ದರೆ ಲಜ್ಜಾಗೌರಿಯ ಶಿಲ್ಪ ನೋಡಿ. ಶುಕ್ರವಾರ ಅದಕ್ಕೆ ರಜೆ.

ಬುತ್ತಿ ಕಟ್ಟಿಕೊಂಡು ಹೋಗುವ ಗೋಜು ಬೇಡ. ಹಸಿದ ಹೊಟ್ಟೆಯಲ್ಲೇ ಆಟೋ ಹತ್ತಿ 5 ಕಿಲೋಮೀಟರ್ ಆಚೆಯ ಬನಶಂಕರಿಗೆ ಹೋಗಿ. ಗುಡಿ ಎದುರು ತಾಯಂದಿರು ಬುಟ್ಟಿ ಹೊತ್ತು ತಂದ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಡಿಗೆ ಮೊಸರು ಬಡಿಸುತ್ತಾರೆ. ಅವ್ವ ಎರಡು ರೊಟ್ಟಿ ಜಾಸ್ತಿಯೇ ತಿಂದಳು.