ಪಕ್ಕದ ಸೈಟಿನ ಬೆಳ್ಳುಳ್ಳಿ

ಮಾರ್ಚ್ ಮೊದಲ ಭಾನುವಾರ ಕುರ್ಪಿ ಹಿಡಿದು ಪಕ್ಕದ ಖಾಲಿ ಸೈಟಿಗೆ ಹೊರಟೆ. ಕಟ್ಟೆಯ ಮೇಲೆ ಕುಳಿತಿದ್ದ ಅವ್ವ, "ಅಲ್ಲೇನು ಹೊನ್ನು ಹೂತಿಟ್ಟಿದ್ದೀಯೇನೋ?" ಎಂದಳು. 2024ರಲ್ಲಿ ಬೆಳ್ಳುಳ್ಳಿ ಕಿಲೋಗೆ 400 ರೂಪಾಯಿ ದಾಟಿದಾಗ ಹತ್ತಿದ ಹುಚ್ಚು ಇದು; ಅವ್ವ ಹೇಳಿದ್ದು ಪೂರ್ತಿ ಸುಳ್ಳೇನಲ್ಲ.

ಬಾಗಲಕೋಟೆಯ ನವನಗರದಲ್ಲಿ ನಮಗೆ ಹಿತ್ತಲಿಲ್ಲ. ಆಲಮಟ್ಟಿ ಹಿನ್ನೀರಿಗಾಗಿ ಹಳೆ ಊರಿನ ಮನೆ ಬಿಟ್ಟಾಗ ಹಿತ್ತಲೂ ಅಲ್ಲೇ ಉಳಿಯಿತು. ಇಲ್ಲಿ ಸೆಕ್ಟರ್ ಲೆಕ್ಕದಲ್ಲಿ ಅಳೆದುಕೊಟ್ಟ ಸೈಟಿನಲ್ಲಿ ಮನೆ ಎದ್ದ ಮೇಲೆ ಜಾಗ ಉಳಿದದ್ದು ತುಳಸಿಗೆ ಮಾತ್ರ. ಪಕ್ಕದ ಸೈಟಿನವರು ಪುಣೆಯಲ್ಲಿದ್ದಾರೆ. ಫೋನ್ ಮಾಡಿ ಕೇಳಿದರೆ, "ಬೆಳೆಯಿರಿ ಸರ್, ಮಂದಿ ಕಸ ಚೆಲ್ಲುವುದಾದರೂ ನಿಲ್ಲುತ್ತದೆ" ಎಂದರು.

ಮೊದಲ ವರ್ಷ ಆರೈಕೆ ಅತಿಯಾಯಿತು. ಊರಿನಲ್ಲೇ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಒಂದು ಮಾತು ಕೇಳಿ ಬರಬಹುದಿತ್ತು. ಮೊಬೈಲಿನಲ್ಲಿ ವಿಡಿಯೊಗಳಿರುವಾಗ ಯಾರು ಹೋಗುತ್ತಾರೆ? ಗರಸು ನೆಲವೆಂದು ಒಂದು ಟ್ರ್ಯಾಕ್ಟರ್ ಎರೆ ಮಣ್ಣು ಹಾಕಿಸಿದೆ. ಸ್ಕೇಲ್ ಇಟ್ಟು ನಾಲ್ಕು ನಾಲ್ಕು ಇಂಚಿಗೆ ಎಸಳು ಊರಿದೆ. ಸಂಜೆ ತಪ್ಪದೆ ನೀರು ಬಿಟ್ಟೆ. ಎರೆ ಮಣ್ಣು ಮೇಲೆ ಬಿರಿದರೂ ಒಳಗಿನ ಹಸಿ ಬಿಟ್ಟುಕೊಡುವುದಿಲ್ಲ ಎಂದು ಈ ಸೀಮೆಯಲ್ಲಿ ಹುಟ್ಟಿದವನಿಗೆ ಬೇರೆಯವರು ಹೇಳಬೇಕೇ? ಜನವರಿಯಲ್ಲಿ ಎಲೆ ಹಳದಿಯಾದಾಗ ಯೂರಿಯಾ ಎರಚಿದೆ. ಆಮೇಲೊಂದು ಬುಡ ಕಿತ್ತು ನೋಡಿದರೆ, ಗಡ್ಡೆಯಿರಬೇಕಾದಲ್ಲಿ ಬೆರಳಿಗಂಟುವ ಕೊಳೆತ ಲೋಳೆ.

ಮರುವರ್ಷ ಅಷ್ಟು ಉಮೇದು ಉಳಿದಿರಲಿಲ್ಲ. ಅಕ್ಟೋಬರ್ ಕೊನೆಗೆ ಅಡುಗೆಮನೆಯ ಬುಟ್ಟಿಯಲ್ಲಿ ಮೊಳೆತಿದ್ದ ಎಸಳುಗಳನ್ನು, ಎರೆ ಮಣ್ಣು ಬೀಳದ ಮೂಲೆಯಲ್ಲಿ, ಚೂಪು ತುದಿ ಮೇಲಾಗಿ ಬೆರಳಿನ ಎರಡು ಗೆಣ್ಣಿನ ಆಳಕ್ಕೆ ಊರಿ ಬಂದೆ. ನಲ್ಲಿಗೆ ನೀರು ಬಂದ ದಿನ ನೆನಪಾದರೆ ಎರಡು ಕೊಡ ಹಾಕುತ್ತಿದ್ದೆ. ಕಳೆ ತೆಗೆದದ್ದು ಒಮ್ಮೆ. ಅದೂ ನಾನಲ್ಲ, ಯಾರದೋ ಆಡು. ಬೆಳ್ಳುಳ್ಳಿಗೆ ಅದು ಬಾಯಿ ಹಾಕಲಿಲ್ಲ. ಫೆಬ್ರುವರಿಯಲ್ಲಿ ಎಲೆ ಬಾಗಿ ಒಣಗತೊಡಗಿದಾಗ ಆ ಎರಡು ಕೊಡವನ್ನೂ ನಿಲ್ಲಿಸಿದೆ.

ಕುರ್ಪಿಯ ಮೊನೆಯಿಂದ ಬುಡ ಸಡಿಲಿಸಿ ಎಳೆದೆ. ಬಂದಿತು! ಬಿಳಿ ಸಿಪ್ಪೆಯ ಮೇಲೆ ತಿಳಿ ನೇರಳೆ ಗೆರೆ, ಕೆಳಗೆ ಗರಸು ಹಿಡಿದ ಬೇರಿನ ಗಡ್ಡ. ಎಲ್ಲ ಸೇರಿ ಎರಡು ಕಿಲೋ ಆದೀತು, ಸಂತೆಯಲ್ಲಿ ಯಾರೂ ಕೈಯಿಂದ ಮುಟ್ಟದಷ್ಟು ಸಣ್ಣವು. ಕೆಲವಂತೂ ಎಸಳೇ ಒಡೆಯದೆ ಗೋಲಿಯಂತೆ ಒಂಟಿ ಗಡ್ಡೆಯಾಗಿದ್ದವು. ಸಾಲುವಷ್ಟು ಚಳಿ ಸಿಗದಿದ್ದರೆ, ಊರಿದ ಎಸಳು ತೀರ ಸಣ್ಣದಿದ್ದರೆ ಹಾಗಾಗುತ್ತದೆ. ಅವ್ವ ಅವನ್ನೇ ಆರಿಸಿ ಸೆರಗಿಗೆ ಹಾಕಿಕೊಂಡಳು. "ಇವು ಔಷಧಕ್ಕೆ. ಮುಟ್ಟಬೇಡ."

ಉಳಿದವನ್ನು ಎಲೆಸಮೇತ ಜುಟ್ಟು ಕಟ್ಟಿ ಎರಡು ವಾರ ನೆರಳಿನಲ್ಲಿ ತೂಗುಹಾಕಿದೆವು. ಮೊನ್ನೆ ಸಂಜೆ ಶೇಂಗಾ ಹಿಂಡಿ ಕುಟ್ಟಬೇಕೆಂದು ಅವ್ವ ಒಂದು ಬೊಗಸೆ ಗಡ್ಡೆ ನನ್ನ ಮುಂದೆ ಸುರಿದಳು. "ಬೆಳೆದವನೇ ಸುಲಿಯಲಿ" ಎಂದು ಧಾರಾವಾಹಿಯತ್ತ ತಿರುಗಿದಳು. ಜೋಳದ ಕಾಳಿಗಿಂತ ತುಸು ದಪ್ಪದ ಎಸಳುಗಳು, ಉಗುರಿಗೂ ಸಿಗದ ಸಿಪ್ಪೆ. ಧಾರಾವಾಹಿ ಮುಗಿದರೂ ವಾಟಿಯ ತಳ ಮುಚ್ಚಿರಲಿಲ್ಲ.