ಕಾಫಿ ಹೂವು ನೋಡಲು ಹೊರಡುವ ಮೊದಲು ಮಳೆ ಬಿತ್ತಾ ಅಂತ ಕೇಳಿ

"ಹೂವು ಗ್ಯಾರಂಟಿ ಮೇಡಂ, ನೀವು ಬನ್ನಿ ಅಷ್ಟೇ."

ಹೋಂಸ್ಟೇಯವರ ಈ ಮಾತು ನಂಬಿ ಮಾರ್ಚ್ ಮೊದಲ ವಾರ ಅಮ್ಮನನ್ನು ಕರೆದುಕೊಂಡು ಮೂಡಿಗೆರೆ ಕಡೆಗೆ ಹೋದೆ. ಜಾಹೀರಾತಿನ ಫೋಟೋದಲ್ಲಿ ಗಿಡಗಳೆಲ್ಲ ಮಲ್ಲಿಗೆ ದಂಡೆ ಮುಡಿದ ಹಾಗೆ ಬೆಳ್ಳಗಿದ್ದವು. ನಾವು ಹೋದಾಗ ತೋಟದಲ್ಲಿ ಒಂದೇ ಒಂದು ಹೂವಿರಲಿಲ್ಲ. ಬಿಸಿಲಿಗೆ ಸೊರಗಿದ ಎಲೆಗಳು ಜೋತು ಬಿದ್ದಿದ್ದವು. ಒಬ್ಬರಿಗೆ ದಿನಕ್ಕೆ 3,500 ರೂಪಾಯಿ. ಎರಡು ದಿನಕ್ಕೆ ಇಬ್ಬರಿಂದ 14,000. ಹೂವು ಎಲ್ಲಿ ಅಂತ ಕೇಳಿದರೆ, "ಈ ಸಲ ಮಳೆ ಲೇಟು ಮೇಡಂ" ಅಂದರು. ಫೋನಿನಲ್ಲಿ ಯಾಕೆ ಹೇಳಲಿಲ್ಲ ಅಂದಿದ್ದಕ್ಕೆ ಉತ್ತರವಿಲ್ಲ. ದುಡ್ಡೂ ವಾಪಸ್ ಬರಲಿಲ್ಲ.

ನನಗೆ ದುಡ್ಡಿಗಿಂತ ಅಮ್ಮನ ಮುಖ ನೋಡಿ ಬೇಜಾರಾಯಿತು. ಅಮ್ಮನ ಅಪ್ಪ ಗೋಣಿಬೀಡಿನ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಅಮ್ಮ ಬೆಳೆದದ್ದು ಅಲ್ಲೇ. ಮದುವೆಯಾಗಿ ಮಂಡ್ಯಕ್ಕೆ ಬಂದ ಮೇಲೆ ಹೂವಿನ ಕಾಲದಲ್ಲಿ ಒಮ್ಮೆಯೂ ಅತ್ತ ಹೋಗಿರಲಿಲ್ಲ. ಹೊರಡುವ ಮೊದಲು ಅವರು ಕೇಳಿದ್ದು ಒಂದೇ ಮಾತು. "ಅಲ್ಲಿ ಮಳೆ ಬಿತ್ತೇನೇ? ವಿಚಾರಿಸಿದ್ಯಾ?" ನಾನು ಅದನ್ನು ಗಂಭೀರವಾಗಿ ತಗೊಳ್ಳಲಿಲ್ಲ. ತಗೊಳ್ಳಬೇಕಿತ್ತು.

ವಿಷಯ ಇಷ್ಟು. ಕಾಫಿ ಗಿಡ ಚಳಿಗಾಲದಲ್ಲೇ ಮೊಗ್ಗು ಕಟ್ಟುತ್ತದೆ. ಆದರೆ ಆ ಮೊಗ್ಗು ನಿದ್ದೆ ಮಾಡುತ್ತಿರುತ್ತದೆ. ಬೇಸಿಗೆಯ ಮೊದಲ ಒಳ್ಳೆ ಮಳೆ ಬಿದ್ದರೆ ಮಾತ್ರ ಎಚ್ಚರ. ಇದಕ್ಕೆ ಹೂಮಳೆ ಅಂತಲೇ ಹೆಸರು. ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೆ ಅರಳುತ್ತದೆ. ಎರಡು ಮೂರು ದಿನ ಇರುತ್ತದೆ, ಆಮೇಲೆ ಬಾಡುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಯಾವಾಗ ಬೇಕಾದರೂ ಆಗಬಹುದು. ತಿಂಗಳ ಮುಂಚೆ ತಾರೀಕು ಹೇಳಿ "ಬ್ಲಾಸಂ ಪ್ಯಾಕೇಜ್" ಮಾರುವವರನ್ನು ದಯವಿಟ್ಟು ನಂಬಬೇಡಿ. ಆ ತಾರೀಕು ತೋಟದ ಮಾಲೀಕರಿಗೂ ಗೊತ್ತಿರುವುದಿಲ್ಲ.

ಒಂದು ವ್ಯತ್ಯಾಸ ಇದೆ. ಕಾಫಿಯಲ್ಲಿ ಮುಖ್ಯವಾಗಿ ರೊಬಸ್ಟಾ, ಅರೇಬಿಕಾ ಅಂತ ಎರಡು ಜಾತಿ. ಕೆರೆ ನೀರಿರುವ ರೊಬಸ್ಟಾ ತೋಟದವರು ಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕಿ ಹೂವು ಬಿಡಿಸುತ್ತಾರೆ. ಅಲ್ಲಿ ಸ್ಪ್ರಿಂಕ್ಲರ್ ಯಾವತ್ತು ಹಾಕಿದ್ದು ಅಂತ ಕೇಳಿ ದಿನ ಲೆಕ್ಕ ಹಾಕಬಹುದು. ಅರೇಬಿಕಾ ನೋಡಬೇಕಾದರೆ ಸಾಮಾನ್ಯವಾಗಿ ಆಕಾಶವನ್ನೇ ನೋಡಬೇಕು.

ಬಸ್ಸಿನ ವಿಷಯವನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಹಾಸನ, ಬೇಲೂರು ಮೇಲೆ ಮೂಡಿಗೆರೆಗೆ ಸುಮಾರು 250 ಕಿಲೋಮೀಟರ್. ರಾತ್ರಿ ಬಸ್ಸಿಗೆ ಈ ದೂರ ಸಾಲದು. ಮೊದಲ ಸಲ ಒಂದು ಖಾಸಗಿ ಸ್ಲೀಪರ್ ಹತ್ತಿದೆವು. ಬೆಳಗ್ಗೆ ಐದೂವರೆಗೆ ತಲುಪುತ್ತೆ ಅಂದಿದ್ದರು. ಮೂರು ಮುಕ್ಕಾಲಿಗೆ ಕ್ಲೀನರ್ ಪರದೆ ಎಳೆದು, "ಹ್ಯಾಂಡ್‌ಪೋಸ್ಟ್, ಬೇಗ ಇಳೀರಿ" ಅಂತ ಕೂಗಿದ. ಅದು ಮೂಡಿಗೆರೆ ಹತ್ತಿರದ ಸ್ಟಾಪು. ಅಮ್ಮನಿಗೆ 68 ವರ್ಷ, ಮೊಣಕಾಲು ನೋವು ಬೇರೆ. ಕತ್ತಲಲ್ಲಿ ಚಪ್ಪಲಿ ಹುಡುಕುವಷ್ಟೂ ಪುರುಸೊತ್ತು ಕೊಡಲಿಲ್ಲ. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಶಾಲು ಹೊದ್ದು ಎರಡು ಗಂಟೆ ಕೂತೆವು. ಆಟೋ ಇಲ್ಲ, ಟೀ ಇಲ್ಲ, ಒಂದು ಶೌಚಾಲಯ ಇಲ್ಲ. ವಯಸ್ಸಾದವರು ಜೊತೆಗಿದ್ದರೆ ರಾತ್ರಿ ಬಸ್ಸು ಬೇಡವೇ ಬೇಡ. ಬೆಳಗಿನ ಸರ್ಕಾರಿ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತುಕೊಳ್ಳಿ. ಬೇಲೂರು ದಾಟಿದ ಮೇಲೆ ದಾರಿ ನೋಡುವುದೇ ಒಂದು ಸಂತೋಷ.

ಎರಡನೇ ಸಲ ಹಾಗೇ ಹೋದೆವು.

ಯುಗಾದಿ ಕಳೆದಿತ್ತು. ಗೋಣಿಬೀಡಿನಲ್ಲಿ ಅಮ್ಮನ ಬಾಲ್ಯದ ಗೆಳತಿ ಇದ್ದಾರೆ. ಒಂದು ರಾತ್ರಿ ಅವರದೇ ಫೋನು. "ಒಂದು ಇಂಚು ಇಪ್ಪತ್ತು ಸೆಂಟು ಬಿತ್ತು ಕಣೇ! ಇವತ್ತಿಂದ ಎಣಿಸ್ಕೋ." ಇಲ್ಲಿನವರು ಮಳೆಯನ್ನು ಇಂಚು, ಸೆಂಟುಗಳಲ್ಲೇ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಹೂವಿಗೆ ಹೆಚ್ಚು ಕಡಿಮೆ ಒಂದು ಇಂಚಾದರೂ ಬೇಕು. ಸುಮ್ನೆ ನಾಲ್ಕು ಹನಿ ಉದುರಿ ಹೋದರೆ ಮೊಗ್ಗು ಅರ್ಧಕ್ಕೇ ಕೆಡುತ್ತದೆ.

ನಿಮಗೆ ಅಲ್ಲಿ ಪರಿಚಯದವರು ಇಲ್ಲದಿದ್ದರೆ ಉಳಿಯುವ ಲಾಡ್ಜಿಗೆ ಫೋನ್ ಮಾಡಿ. ಹೂವಿದೆಯಾ ಅಂತ ಕೇಳಬೇಡಿ, ಇದೆ ಅಂತಲೇ ಹೇಳುತ್ತಾರೆ. ಮಳೆ ಯಾವ ತಾರೀಕು ಬಿತ್ತು, ಯಾವ ಊರಿಗೆ, ಎಷ್ಟು ಸೆಂಟು ಅಂತ ಕೇಳಿ. ಈ ಮಳೆ ಒಂದೂರಿಗೆ ಬಿದ್ದರೆ ಪಕ್ಕದೂರಿಗೆ ಬೀಳುವುದಿಲ್ಲ. ಜನ್ನಾಪುರದಲ್ಲಿ ಹೂವಾಗಿದ್ದಾಗ ಕೊಟ್ಟಿಗೆಹಾರದ ಕಡೆ ಇನ್ನೂ ಮೊಗ್ಗೇ ಇರಬಹುದು. ಶನಿವಾರ ಭಾನುವಾರಕ್ಕೇ ಹೊಂದಿಸಲು ಹೋದರೆ ಸಿಗುವುದು ಕಷ್ಟ. ಎರಡು ದಿನ ರಜೆ ಕೈಯಲ್ಲಿಟ್ಟುಕೊಂಡಿರಿ.

ನಾವು ಎಂಟನೇ ದಿನ ಹೊರಟೆವು. ಮೂಡಿಗೆರೆಯಲ್ಲಿ ಸಾಧಾರಣ ಲಾಡ್ಜು, ಇಬ್ಬರಿಗೆ 900 ರೂಪಾಯಿ, ಬಿಸಿನೀರು ಬೆಳಗ್ಗೆ ಮಾತ್ರ. ಅದು ಸಾಕು. ಮಾರನೆ ದಿನ ಬೆಳಗ್ಗೆ ಆರೂವರೆಗೆ ಆಟೋದಲ್ಲಿ ಗೋಣಿಬೀಡಿನ ಕಡೆ ಹೊರಟೆವು. ಅರ್ಧ ದಿನಕ್ಕೆ 700 ರೂಪಾಯಿಗೆ ಒಪ್ಪಿದ್ದರು. ಒಂದು ತಿರುವಿನಲ್ಲಿ ಅಮ್ಮ ಡ್ರೈವರ್ ಬೆನ್ನು ತಟ್ಟಿ, "ನಿಲ್ಸಪ್ಪ" ಅಂದರು. ನನಗೆ ಏನೂ ಕಾಣಲಿಲ್ಲ. ಅವರಿಗೆ ವಾಸನೆ ಬಂದಿತ್ತು.

ಇಳಿದು ನೂರು ಹೆಜ್ಜೆ ನಡೆದ ಮೇಲೆ ಕಂಡಿತು. ಗುಡ್ಡದ ಇಳಿಜಾರು ಪೂರ್ತಿ ಬಿಳಿ. ಒಂದೊಂದು ರೆಂಬೆಯ ಗೆಣ್ಣುಗೆಣ್ಣಿಗೂ ಹೂವಿನ ಗೊಂಚಲು. ವಾಸನೆ ಮಲ್ಲಿಗೆಯ ಥರ ಅನ್ನುತ್ತಾರೆ. ನನಗೆ ಮಲ್ಲಿಗೆ ಜೊತೆ ಸ್ವಲ್ಪ ಜೇನು ಸೇರಿಸಿದ ಹಾಗೆ ಅನಿಸಿತು. ಇಡೀ ತೋಟ ಗುಂಯ್ ಅನ್ನುತ್ತಿತ್ತು, ಅಷ್ಟು ಜೇನು. ನೆರಳಿಗೆ ಬೆಳೆಸಿದ ಹಾಲುವಾಣದ ಮರದಲ್ಲಿ ಇನ್ನೂ ನಾಲ್ಕು ಕೆಂಪು ಹೂವು ಉಳಿದಿತ್ತು. ಅಮ್ಮ ಬೇಲಿ ಹಿಡಿದುಕೊಂಡು ತುಂಬ ಹೊತ್ತು ನಿಂತಿದ್ದರು. ನಾನೂ ಮಾತಾಡಲಿಲ್ಲ.

ತೋಟದೊಳಗೆ ಕೇಳದೆ ಹೋಗಬೇಡಿ. ಗೆಳತಿಯ ಮನೆಯವರು ಹೂವಿನ ದಿನ ಆಳುಗಳನ್ನೂ ಒಳಗೆ ಬಿಡುವುದಿಲ್ಲವಂತೆ. ಮೈ ತಾಗಿದರೆ ಹೂವು ಉದುರುತ್ತದೆ, ಜೇನಿಗೂ ತೊಂದರೆ. ಅದರಲ್ಲೂ ರೊಬಸ್ಟಾ ಕಾಯಿ ಕಟ್ಟಬೇಕಾದರೆ ಬೇರೆ ಗಿಡದ ಪರಾಗ ಬೇಕು. ಅದು ಬರುವುದು ಗಾಳಿ ಮತ್ತು ಜೇನಿನಿಂದ. ಫೋಟೋಗೆ ಅಂತ ರೆಂಬೆ ಎಳೆಯುವವರನ್ನು ರಸ್ತೆ ಬದಿ ನೋಡಿದೆ. ಒಂದು ಹೂವು ಅಂದರೆ ಒಂದು ಕಾಫಿ ಹಣ್ಣು ಅಲ್ವಾ? ಬೇಲಿ ಹೊರಗಿಂದಲೇ ಬೇಕಾದಷ್ಟು ಕಾಣುತ್ತದೆ. ಪರ್ಫ್ಯೂಮ್ ಹಾಕಿಕೊಂಡು ಹೋಗಬೇಡಿ, ಜೇನು ಬೆನ್ನು ಹತ್ತಬಹುದು.

ಈಗ ಊಟದ ವಿಷಯ. ಇದನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಮೂಡಿಗೆರೆಯಿಂದ ಕೊಟ್ಟಿಗೆಹಾರದ ದಾರಿಯಲ್ಲಿ ಒಂದು ಚಿಕ್ಕ ಹೋಟೆಲು. ಬೋರ್ಡು ಇಲ್ಲ. ಹೆಂಚಿನ ಮಾಡು, ಎರಡು ಬೆಂಚು, ಹೊರಗೆ ಕಣದಲ್ಲಿ ಒಣಗಲು ಹಾಕಿದ ಮೆಣಸು. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಕೊಟ್ಟಿಗೆಹಾರದ ನೀರುದೋಸೆ ಹೆಸರುವಾಸಿ, ಎಲ್ಲರಿಗೂ ಗೊತ್ತು. ಆದರೆ ಇವರಲ್ಲಿ ಅಕ್ಕಿ ರೊಟ್ಟಿ ತಿನ್ನಿ. ಅನ್ನ ಸೇರಿಸಿ ನಾದಿದ ಹಿಟ್ಟು, ಕೆಂಡದ ಮೇಲೆ ಉಬ್ಬಿಸಿದ್ದು. ಜೊತೆಗೆ ಗುಜ್ಜೆ ಪಲ್ಯ. ಹಲಸಿನ ಎಳೆಗಾಯಿ ಈ ಕಾಲದಲ್ಲೇ ಸಿಗುವುದು, ಇನ್ನು ಸ್ವಲ್ಪ ದಿನ ಹೋದರೆ ಬಲಿತುಬಿಡುತ್ತದೆ. ಕಾಯಿತುರಿ, ಸಾಸಿವೆ ಅರೆದು ಹಾಕಿದ್ದರು. ಕಾಡು ಮಾವಿನ ಕಾಯಿಯ ಚಟ್ನಿ ಬೇರೆ, ಹುಳಿಗೆ ಕಣ್ಣು ಮುಚ್ಚುವಂಥದ್ದು. ಕೊನೆಗೆ ಬೆಲ್ಲದ ಕಪ್ಪು ಕಾಫಿ. ಎರಡು ರೊಟ್ಟಿ, ಪಲ್ಯ, ಚಟ್ನಿಗೆ 50 ರೂಪಾಯಿ. ಪಲ್ಯ ಮುಗಿಯುವುದರೊಳಗೆ ಆ ಅಕ್ಕ, "ಇನ್ನೊಂಚೂರು ಹಾಕ್ಲಾ ಅಮ್ಮಾ?" ಅಂತ ಬಂದು ನಿಲ್ಲುತ್ತಿದ್ದರು. ಮರುದಿನವೂ ಅಲ್ಲಿಗೇ ಹೋದೆವು. ಆ 14,000ದ ಹೋಂಸ್ಟೇಯಲ್ಲಿ ನಮಗೆ ಕೊಟ್ಟಿದ್ದು ಗೋಬಿ ಮಂಚೂರಿ ಮತ್ತು ಫ್ರೈಡ್ ರೈಸು.

ಮುಳ್ಳಯ್ಯನಗಿರಿ ಕಡೆ ನಾವು ಹೋಗಲಿಲ್ಲ. ಕಾರುಗಳ ಸಾಲಿನಲ್ಲಿ ನಿಲ್ಲುವುದು ನನಗೆ ಆಗದ ಕೆಲಸ.

ಈ ಕಾಲದಲ್ಲಿ ಇಂಬಳದ (ಜಿಗಣೆಯ) ಕಾಟ ಇಲ್ಲ. ಆದರೆ ಮಂಗನ ಕಾಯಿಲೆ ಮಲೆನಾಡಿನಲ್ಲಿ ಕಾಣಿಸಿಕೊಳ್ಳುವುದು ಇದೇ ಬೇಸಿಗೆಯಲ್ಲಿ. ಅದು ಹರಡುವುದು ಉಣುಗಿನಿಂದ. ಕಾಡಿನ ಅಂಚಿನ ತರಗೆಲೆಯ ಮೇಲೆ ಕೂರಬೇಡಿ. ಕಾಲು ಮುಚ್ಚುವ ಬಟ್ಟೆ ಹಾಕಿ, ರೂಮಿಗೆ ಬಂದ ಕೂಡಲೇ ಸ್ನಾನ ಮಾಡಿ ಬಟ್ಟೆ ಬಿಸಿನೀರಿಗೆ ಹಾಕಿ. ಎಲ್ಲಾದರೂ ಮಂಗ ಸತ್ತಿದೆ ಅಂತ ಕೇಳಿದರೆ ಆ ಕಡೆ ಹೋಗಲೇಬೇಡಿ.

ಮೂರನೇ ದಿನ ವಾಪಸ್ ಬಸ್ಸು ಹತ್ತುವಾಗ ರಸ್ತೆ ಬದಿಯ ಹೂವು ಆಗಲೇ ಕಂದು ತಿರುಗಿತ್ತು. ಅಮ್ಮನ ಗೆಳತಿ ಬಸ್‌ಸ್ಟ್ಯಾಂಡಿಗೆ ಬಂದು ಒಂದು ಚೀಲ ಗುಜ್ಜೆ, ಕಾಲು ಕೆಜಿ ಮೆಣಸು ಕೊಟ್ಟರು. ಹೂವೇನೋ ಚೆನ್ನಾಗಿ ಆಯ್ತು, ಇನ್ನು ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ, ಅಂದರೆ ಹೂಮಳೆಯ ಹಿಂದೆ ಬರುವ ಇನ್ನೊಂದು ಮಳೆ ಬರಬೇಕು, ಇಲ್ಲದಿದ್ದರೆ ಕಾಯಿ ನಿಲ್ಲಲ್ಲ ಅಂದರು. ಅಮ್ಮ ಈಗ ದಿನಾ ಸಂಜೆ ಅವರಿಗೆ ಫೋನ್ ಮಾಡುತ್ತಾರೆ. ಮೊನ್ನೆ 60 ಸೆಂಟು ಬಿತ್ತಂತೆ.